ಚಕ್ರವಿಲ್ಲದ ವಿಮಾನಕ್ಕೆ ನಿಂಬೆಹಣ್ಣು

ನನ್ನ ಗಂಡ ಆ ವಿಮಾನ ಕಟ್ಟಲು ಶುರುಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಆಯುಧಪೂಜೆಯ ದಿನ ಇದಕ್ಕೆ ನಿಂಬೆಹಣ್ಣು ಎಲ್ಲಿಡಬೇಕು ಅಂತ. ಚೇಷ್ಟೆಗೆ ಕೇಳಿದ್ದಲ್ಲ. ಕಾರು, ಹುಲ್ಲು ಕತ್ತರಿಸುವ ಮಶೀನು, ಮಗಳ ಸೈಕಲ್ಲು, ಹೀಗೆ ಮನೆಯಲ್ಲಿ ಚಕ್ರವಿದ್ದದ್ದಕ್ಕೆಲ್ಲ ಆ ದಿನ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಚಪ್ಪಟೆ ಮಾಡಿಸುವುದು ನಾನು ಮೈಸೂರಿನಿಂದ ತಂದ ಪದ್ಧತಿ. ವರ್ಜೀನಿಯಾದ ಆಲ್ಡಿಯಲ್ಲಿ ಮನೆ ಕೊಂಡ ಮೇಲೂ ಬಿಟ್ಟಿರಲಿಲ್ಲ. ಈ ವಿಮಾನಕ್ಕೆ ನೋಡಿದರೆ ಚಕ್ರವೇ ಇಲ್ಲ. ಚಕ್ರ ಇರಬೇಕಾದ ಕಡೆ ಎರಡು ದೋಣಿಗಳು.

"ಚಕ್ರ ಇಲ್ದೇ ಇರೋದು ಯಾವ ಸೀಮೆ ವಿಮಾನಾರೀ?" ಅಂದೆ.

"ನೆಲಕ್ಕ ಇಳಿಯೂ ವಿಮಾನ ಅಲ್ಲ ಇದು. ನೀರಿನ ಮ್ಯಾಲೆ ಇಳೀತದ. ಟಪಾಲ್ ವಿಮಾನ," ಅಂದರು. ನನ್ನ ಗಂಡ ಧಾರವಾಡದವರು. ಅಮೆರಿಕಕ್ಕೆ ಬಂದು ಅಷ್ಟು ವರ್ಷವಾಗಿದ್ದರೂ ಅವರ ಮಾತು ಧಾರವಾಡ ಬಿಟ್ಟು ಒಂದಡಿ ಈಚೆ ಬಂದಿರಲಿಲ್ಲ.

ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಜರ್ಮನ್ನರು ಕಟ್ಟಿದ ವಿಮಾನವಂತೆ ಅದು. ನಾಲ್ಕು ಇಂಜಿನ್ನು, ಮಧ್ಯದಲ್ಲಿ ಕೆಳಕ್ಕೆ ಬಾಗಿ ಮತ್ತೆ ಮೇಲಕ್ಕೆ ಹೋಗುವ ರೆಕ್ಕೆ, ರೆಕ್ಕೆಯಡಿ ಎರಡು ದೊಡ್ಡ ದೋಣಿ. ಅಟ್ಲಾಂಟಿಕ್ ದಾಟಿ ಕಾಗದಪತ್ರ ಒಯ್ಯುವುದಷ್ಟೇ ಅದರ ಕೆಲಸ. ಮನುಷ್ಯರನ್ನು ಕೂರಿಸಿಕೊಳ್ಳುತ್ತಿರಲಿಲ್ಲ. ಟಪಾಲು, ಎಣ್ಣೆ ಎಲ್ಲ ತುಂಬಿದ ಮೇಲೆ ಆ ಭಾರಕ್ಕೆ ಸ್ವಂತ ಬಲದಿಂದ ಏಳಲು ಕಷ್ಟ. ಅದಕ್ಕೇ ಹಡಗಿನ ಮೇಲೆ ಹಳಿ ಹಾಕಿ, ಕವಣೆಯಿಂದ ಕಲ್ಲು ಬೀಸಿದ ಹಾಗೆ ಆಕಾಶಕ್ಕೆ ಬೀಸುತ್ತಿದ್ದರು. ಕಟ್ಟಿದ್ದೇ ಮೂರು. ಈಗ ಒಂದೂ ಉಳಿದಿಲ್ಲ. ಡಲ್ಲಸ್ ಏರ್‌ಪೋರ್ಟಿನ ಪಕ್ಕ ಹೊಸದಾಗಿ ತೆರೆದಿದ್ದ ವಿಮಾನಗಳ ಮ್ಯೂಸಿಯಮ್ಮಿಗೆ ನನ್ನ ಗಂಡ ಶನಿವಾರ ಬಂತೆಂದರೆ ಗುಡಿಗೆ ಹೋದ ಹಾಗೆ ಹೋಗುತ್ತಿದ್ದರು. ಅಲ್ಲಿಯೂ ಇದು ಇರಲಿಲ್ಲ. ಒಂದು ಪುಸ್ತಕದಲ್ಲಿ ಬರೀ ಚಿತ್ರ ಸಿಕ್ಕಿತು.

"ಜಗತ್ತಿನ್ಯಾಗ ಒಂದೂ ಉಳಿದಿಲ್ಲ ನೋಡು. ನಾ ಸಣ್ಣದೊಂದು ಮಾಡಿ ಹಾರಿಸ್ತೀನಿ," ಅಂದರು.

ಆ ಸಣ್ಣದು ನಮ್ಮ ಊಟದ ಮೇಜಿಗಿಂತ ಉದ್ದವಿತ್ತು. ಬೇಸ್‌ಮೆಂಟಿನಲ್ಲಿ ಕೆಲಸ. ಹಗುರವಾದ ಬಾಲ್ಸಾ ಮರದ ಪಟ್ಟಿಗಳು, ಅಂಟು, ಸಣ್ಣ ಚಾಕು, ಮರಳು ಕಾಗದ. ಆಫೀಸಿನಿಂದ ಬಂದವರು ಕಾಫಿ ಲೋಟ ಹಿಡಿದು ಕೆಳಗೆ ಇಳಿದರೆಂದರೆ ಊಟಕ್ಕೆ ಕರೆದು ಕರೆದು ನನ್ನ ಗಂಟಲು ಒಣಗಬೇಕು. ಜಾರ್ಜಿಯಾದ ಜಾನ್ಸ್ ಕ್ರೀಕ್‌ನಲ್ಲಿರುವ ನನ್ನ ಅಕ್ಕ ಫೋನ್ ಮಾಡಿ ನಿಮ್ಮ ಯಜಮಾನರು ಹೇಗಿದ್ದಾರೆ ಅಂತ ಕೇಳಿದರೆ, ಸವತಿಯ ಜೊತೆ ಕೆಳಗಿದ್ದಾರೆ ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಎರಡು ಸಾವಿರದ ಐದರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಬಲಗೈಯಿಂದ ಬಿಟ್ಟರು. ಎತ್ತಿಕೊಂಡರು, ಮತ್ತೆ ಬಿತ್ತು. "ಏ, ಬಾ ಇಲ್ಲೆ. ಬಲಗೈ ಎಲ್ಲಿ ಅದನೋ ಗೊತ್ತಾಗವಲ್ದು ನನಗ," ಅಂದರು. ಕೈ ಅಲ್ಲೇ ಇತ್ತು, ತೋಳಿನ ತುದಿಗೆ, ಬೆರಳು ಅಲ್ಲಾಡುತ್ತಿದ್ದವು. ಆಸ್ಪತ್ರೆಯಲ್ಲಿ ಮೆದುಳಿನ ಚಿತ್ರ ತೆಗೆದು, ಒಳಗೆ ಸ್ಪರ್ಶವನ್ನು ಹಾಯಿಸುವ ಪುಟ್ಟ ಜಾಗಕ್ಕೆ ರಕ್ತ ಹರಿಯುವುದು ನಿಂತಿದೆ ಅಂದರು. ಕೈ ಆಡುತ್ತದೆ, ಕಾಲು ಆಡುತ್ತದೆ, ಮಾತಿಗೆ ಏನೂ ಆಗಿಲ್ಲ. ಆದರೆ ಮುಖದಿಂದ ಪಾದದವರೆಗೆ ಬಲಗಡೆ ಪೂರಾ ಜೋಮು. ಮುಟ್ಟಿದರೆ ಗೊತ್ತಾಗುವುದಿಲ್ಲ, ಸುಟ್ಟರೆ ಗೊತ್ತಾಗುವುದಿಲ್ಲ. ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು, ಬಂದರೆ ಮೊದಲು ನೋವಿನ ರೂಪದಲ್ಲೇ ಬರುವುದೂ ಉಂಟು ಅಂತ ಡಾಕ್ಟರು ಹೇಳಿದರು. ನಾನು ತಲೆಯಾಡಿಸಿ, ಪಾರ್ಕಿಂಗ್ ಚೀಟಿಗೆ ಠಸ್ಸೆ ಎಲ್ಲಿ ಹಾಕಿಸಬೇಕು ಅಂತ ಕೇಳಿದೆ.

ನಿಜ ಹೇಳಬೇಕೆಂದರೆ ನನಗೆ ಅಳು ಬರಲಿಲ್ಲ. ಅಕ್ಕ ಫೋನಿನಲ್ಲಿ, "ಒಂದ್ಸಲ ಅತ್ತುಬಿಡೇ, ಎದೆಯಲ್ಲಿ ಇಟ್ಕೋಬೇಡ," ಅಂತ ತಾನೇ ಅಳುತ್ತಿದ್ದಳು. ಇಟ್ಟುಕೊಳ್ಳೋದಕ್ಕೆ ಎದೆಯಲ್ಲಿ ಏನಾದರೂ ಇರಬೇಕಲ್ಲ. ಬೆಳಿಗ್ಗೆ ಏಳುತ್ತಿದ್ದೆ, ನಮ್ಮ ಕಡೆಯ ವಿಯೆನ್ನಾ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಮೆಟ್ರೋ ಹತ್ತುತ್ತಿದ್ದೆ, ವಾಷಿಂಗ್ಟನ್ನಿನ ಆಫೀಸಿನಲ್ಲಿ ಕೂತು ಬೇರೆ ದೇಶಗಳ ರಸ್ತೆ, ಸೇತುವೆಗಳ ವರದಿ ತಿದ್ದುತ್ತಿದ್ದೆ. ಒಂದು ದಿನ ಇಳಿಯಬೇಕಾದ ಸ್ಟೇಷನ್ನು ದಾಟಿ ರೈಲು ಕೊನೆಯವರೆಗೂ ಹೋಯಿತು. ನಾನು ಎದ್ದು ಎದುರಿನ ರೈಲಿನಲ್ಲಿ ಕೂತು ವಾಪಸು ಬಂದೆ. ಗಾಬರಿಯೂ ಆಗಲಿಲ್ಲ, ನಗುವೂ ಬರಲಿಲ್ಲ. ಅಡುಗೆಗೆ ಉಪ್ಪು ಹಾಕಿದ್ದೀನೋ ಇಲ್ಲವೋ ಅಂತ ರುಚಿ ನೋಡಿದರೂ ತಿಳಿಯುತ್ತಿರಲಿಲ್ಲ. ಜೋಮು ಅವರೊಬ್ಬರಿಗೇ ಹಿಡಿದದ್ದಲ್ಲ ಅಂತ ಈಗ ಅನ್ನಿಸುತ್ತದೆ.

ಥೆರಪಿಸ್ಟ್ ಒಂದು ಅಭ್ಯಾಸ ಹೇಳಿಕೊಟ್ಟಿದ್ದಳು. ಅವರು ಕಣ್ಣು ಮುಚ್ಚಬೇಕು. ನಾನು ಬಲಗೈಗೆ ಹತ್ತಿ, ಫ್ರಿಜ್ಜಿನಲ್ಲಿಟ್ಟ ಚಮಚ, ನನ್ನ ಹೇರ್‌ಪಿನ್ನಿನ ತುದಿ ಒಂದೊಂದಾಗಿ ಮುಟ್ಟಿಸಬೇಕು. ಏನು ಅಂತ ಅವರು ಹೇಳಬೇಕು. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಇದೇ ನಮ್ಮ ಪೂಜೆ.

"ಗೊತ್ತಾಯ್ತಾ?"

"ಇಲ್ಲ."

"ಈಗ?"

"ಮುಟ್ಟಿದೇನು? ಇನ್ನೂ ಇಲ್ಲ ಅಂತ ತಿಳಿದಿದ್ದೆ."

ಮೊದಮೊದಲು ಅವರೇ ತಮಾಷೆ ಮಾಡುತ್ತಿದ್ದರು. ಚಮಚ ಮುಟ್ಟಿಸಿದರೆ "ಐಶ್ವರ್ಯಲಕ್ಷ್ಮಿ ಮುಟ್ಟಿದಂಗಾತು" ಅನ್ನುವುದು, ಪಿನ್ನು ಚುಚ್ಚಿದರೆ "ನಿಮ್ಮಕ್ಕ ಫೋನ್ ಮಾಡಿದ್ಲೇನು" ಅನ್ನುವುದು, ಎಲ್ಲ ಕಳ್ಳಗಣ್ಣಿನಲ್ಲಿ ನೋಡಿಕೊಂಡು. ಆಮೇಲೆ ತಮಾಷೆ ನಿಂತಿತು. ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ನಾನು ಚಮಚ ಫ್ರಿಜ್ಜಿನಲ್ಲಿ ಇಡಲಿಲ್ಲ. ಅವರೂ ಕೇಳಲಿಲ್ಲ. ಮಾರನೇ ದಿನವೂ ಇಡಲಿಲ್ಲ.

ಅವರು ಕಾರು ಓಡಿಸುವುದು ನಿಂತಿತು, ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಗೊತ್ತಾಗದವರಿಗೆ ಯಾರು ಕೀಲಿ ಕೊಡುತ್ತಾರೆ. ಆಫೀಸಿನವರು ಮನೆಯಿಂದಲೇ ಸ್ವಲ್ಪ ಕೆಲಸ ಮಾಡಲು ಬಿಟ್ಟರು. ಉಳಿದ ಹೊತ್ತು ಬೇಸ್‌ಮೆಂಟು. ಮಾಡಲಿ ಬಿಡು, ಮನಸ್ಸು ಒಂದು ಕಡೆ ಇರುತ್ತೆ ಅಂತ ನಾನು ಸುಮ್ಮನಿದ್ದೆ.

ಒಂದು ಸಂಜೆ ಮಗಳು ಮೆಟ್ಟಿಲ ಮೇಲಿಂದ ಕೂಗಿದಳು. ಆಗ ಅವಳು ಹೈಸ್ಕೂಲಿಗೆ ಸೇರಿದ್ದಳು. "ಅಮ್ಮಾ, ದೇರ್ಸ್ ಬ್ಲಡ್! ಅಪ್ಪಂಗೆ ಗೊತ್ತೇ ಇಲ್ಲ!" ಓಡಿ ಇಳಿದೆ. ವಿಮಾನದ ಎಡ ರೆಕ್ಕೆಯ ಬಿಳಿ ಮರದ ಮೇಲೆ ಕೆಂಪು ಹರಡಿತ್ತು. ಚಾಕು ಅವರ ಬಲಗೈ ಹೆಬ್ಬೆರಳನ್ನು ಆಳಕ್ಕೆ ಕುಯ್ದಿತ್ತು. ಅವರು ಅಂಟಿನ ಡಬ್ಬಿ ಹುಡುಕುತ್ತ ಅದೇ ಕೈಯನ್ನು ಎಲ್ಲ ಕಡೆ ಒರೆಸುತ್ತಿದ್ದರು. ನಾನು ಗಾಯಕ್ಕೆ ಸ್ಪಿರಿಟ್ ಸುರಿದೆ. ನಾನೇ ಹಲ್ಲು ಕಚ್ಚಿಕೊಂಡೆ. ಅವರು ಕೂಸಿನ ಹಾಗೆ ಬೆರಳು ಚಾಚಿಕೊಂಡು ಕೂತಿದ್ದರು, ಯಾರದೋ ಕೈಗೆ ಮದ್ದು ಹಾಕುವುದನ್ನು ನೋಡುವವರ ಹಾಗೆ.

ಆಗ ನನಗೆ ಎಲ್ಲಿತ್ತೋ ಸಿಟ್ಟು. "ಸಾಕು ಮಾಡ್ರೀ! ಬೆರಳು ಕತ್ತರಿಸಿ ಬಿದ್ರೂ ನಿಮಗೆ ಗೊತ್ತಾಗಲ್ಲ. ಈ ದರಿದ್ರದ ವಿಮಾನಾನ ಒಲೆಗೆ ಹಾಕ್ತೀನಿ ನೋಡಿ!"

"ಹಾಕು," ಅಂದರು, ಮೆತ್ತಗೆ. "ನನಗ ಇನ್ನ ಒಂದು ಕೈ ಬೇಕಾಗೇದ. ಅದು ಇಲ್ಲ. ಒಲಿಗೆ ಹಾಕೂದ ಬರೋಬರಿ."

ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಆಫೀಸಿನಿಂದ ಬಂದವಳೇ ಹೇರ್‌ಪಿನ್ನು ಚುಚ್ಚಿ ಕೂದಲು ಎತ್ತಿ ಕಟ್ಟಿ, ಕೆಳಗೆ ಇಳಿದು, "ಎಲ್ಲಿ ಕುಯ್ಬೇಕು, ಹೇಳಿ" ಅಂದೆ. ಪ್ರೀತಿ ಉಕ್ಕಿ ಇಳಿದೆ ಅಂತ ಬರೆಯಬಹುದು, ಆದರೆ ಅದು ಸುಳ್ಳು. ಇನ್ನೊಂದು ಸಲ ರಕ್ತ ಒರೆಸುವುದು ತಪ್ಪಲಿ ಅಂತ ಇಳಿದೆ.

ಹೀಗೆ ನಾನು ನನ್ನ ಸವತಿಯ ಕೆಲಸಕ್ಕೆ ನಿಂತೆ. ಅವರು ಹೇಳುವುದು, ನಾನು ಮಾಡುವುದು. "ಹಂಗಲ್ಲ, ಓರೆ ಹಿಡಿ." "ಓರೆಯಾಗೇ ಹಿಡಿದಿದ್ದೀನಿ." "ಅದು ನಿಮ್ಮ ಮೈಸೂರು ಓರೆ, ಇನ್ನೂ ಸ್ವಲ್ಪ." ಅಂಟಿನ ವಾಸನೆಗೆ ತಲೆನೋವು. ರೆಕ್ಕೆಗೆ ಹೊದಿಸುವುದು ತೆಳ್ಳನೆಯ ಹಾಳೆ, ಬಿಸಿ ತಾಗಿಸಿದರೆ ಬಿಗಿದುಕೊಳ್ಳುತ್ತದೆ. ಅದನ್ನು ಪುಟ್ಟ ಇಸ್ತ್ರಿಪೆಟ್ಟಿಗೆಯಿಂದ ಸುಕ್ಕಿಲ್ಲದೆ ಎಳೆಯಬೇಕು. ಅಮ್ಮನ ರೇಷ್ಮೆ ಸೀರೆಗಳಿಗೆ ಇಸ್ತ್ರಿ ಹಾಕಿದ ಕೈ ನನ್ನದು, ಅದರಲ್ಲಿ ಮಾತ್ರ ಅವರು ತಪ್ಪು ಹುಡುಕಲಾಗಲಿಲ್ಲ. "ಜರ್ಮನಿಯೊಳಗೂ ಇಷ್ಟು ಚಂದ ಮಾಡಿರಲಿಕ್ಕಿಲ್ಲ," ಅಂದರು. ನನಗೆ ಅದರಿಂದ ಸಂತೋಷವಾಗಬೇಕಿತ್ತು. ಸರಿ, ಮುಂದೇನು ಅಂತ ಕೇಳಿದೆ.

ದೋಣಿಗಳಿಗೆ ನೀರು ನುಗ್ಗುತ್ತದೋ ಅಂತ ನೋಡಲು ಬಚ್ಚಲ ತೊಟ್ಟಿಯಲ್ಲಿ ತೇಲಿಬಿಟ್ಟೆವು. ಎರಡು ವಾರ ಆ ತೊಟ್ಟಿ ಅವುಗಳದೇ. ಮನೆಗೆ ಬಂದವರು ಕೈ ತೊಳೆಯಲು ಹೋಗಿ, ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಹೊರಗೆ ಬರುತ್ತಿದ್ದರು. ಕೊನೆಗೆ ತೂಕ ಸರಿ ನೋಡುವ ದಿನ ಬಂತು. ಎರಡು ರೆಕ್ಕೆಗಳಡಿ ಗುರುತು ಮಾಡಿದ ಜಾಗಕ್ಕೆ ಒಂದೊಂದು ಬೆರಳು ಕೊಟ್ಟು ಎತ್ತಬೇಕು, ವಿಮಾನ ಮೂಗಿನ ಕಡೆಯೂ ವಾಲಬಾರದು, ಬಾಲದ ಕಡೆಯೂ ವಾಲಬಾರದು. ಎಡ ರೆಕ್ಕೆಗೆ ಅವರ ಎಡಗೈ ಬೆರಳು, ಬಲ ರೆಕ್ಕೆಗೆ ನನ್ನ ಬೆರಳು. ಬಾಲ ಇಳಿಯಿತು. ಮೂಗಿನೊಳಗೆ ಸೀಸದ ಚೂರು ಅಂಟಿಸಿದೆವು. ಇನ್ನೊಂದು ಚೂರು. ಆಮೇಲೆ ಅದು ನಮ್ಮಿಬ್ಬರ ಬೆರಳ ಮೇಲೆ ಸುಮ್ಮನೆ ನಿಂತಿತು.

"ಇನ್ನ ಒಂದು ಗುಂಡುಪಿನ್ನೂ ಎಲ್ಲೂ ಸೇರಿಸಬ್ಯಾಡ," ಅಂದರು. "ಬಾಲಕ್ಕ ಭಾರ ಬಿತ್ತು ಅಂದ್ರ ಮೂಗ ಎತ್ತಿ ಎತ್ತಿ ಬೀಳ್ತದ."

ಹಾರಿಸುವುದು ಹೇಗೆ ಎಂಬುದು ಉಳಿದಿತ್ತು. ರಿಮೋಟಿನ ಡಬ್ಬಿಗೆ ಎರಡು ಕಡ್ಡಿ. ಎಡಗಡೆಯದು ಇಂಜಿನ್ನಿನ ವೇಗಕ್ಕೆ, ಬಲಗಡೆಯದು ಮೂಗು ಎತ್ತಲು, ಇಳಿಸಲು, ಓರೆ ಮಾಡಲು. ಹಾರಿಸುವವನ ಕಣ್ಣು ವಿಮಾನದ ಮೇಲಿರಬೇಕು, ಕೈ ನೋಡುವ ಹಾಗಿಲ್ಲ. ನೋಡದೆ ಹೋದರೆ ನನ್ನ ಗಂಡನ ಬಲ ಹೆಬ್ಬೆರಳಿಗೆ ಕಡ್ಡಿ ಎಲ್ಲಿದೆ ಅಂತಲೇ ತಿಳಿಯದು. ಮಗಳೇ ಹೇಳಿದಳು: "ಅಪ್ಪಾ, ಲೆಫ್ಟ್ ನೀನು ಮಾಡು. ರೈಟ್ ನಾನು ಮಾಡ್ತೀನಿ."

ಆ ಬೇಸಿಗೆಯೆಲ್ಲ ಅಪ್ಪ ಮಗಳು ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವ ಆಟದಲ್ಲಿ ಅಭ್ಯಾಸ ಮಾಡಿದರು. ಡಬ್ಬಿ ಅವರ ತೊಡೆಯ ಮೇಲೆ, ಅವಳು ಅವರ ಬಲಕ್ಕೆ, ಒತ್ತಿಕೊಂಡು. ಬಲಗಡೆ ಅಂದರೆ ಜೋಮಿನ ಕಡೆ. ಮಗಳು ಮೈಗೆ ಮೈ ತಾಗಿಸಿ ಕೂತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಕಣ್ಣು ಪರದೆಯ ಮೇಲಿಟ್ಟು ನಡುನಡುವೆ ಕೇಳುತ್ತಿದ್ದರು:

"ಅದೀಯೇನು?"

"ಇದ್ದೀನಿ ಅಪ್ಪಾ. ಐ ಆಮ್ ಲಿಟರಲಿ ಟಚಿಂಗ್ ಯೂ."

"ಹೂಂ."

ಅಡುಗೆಮನೆಗೆ ಅದು ಕೇಳಿಸುತ್ತಿತ್ತು. ಅದೀಯೇನು, ಇದ್ದೀನಿ. ಅದೀಯೇನು, ಇದ್ದೀನಿ. ನಾನು ಮಿಕ್ಸಿ ಹಾಕಿಬಿಡುತ್ತಿದ್ದೆ.

ದಸರಾ ಬಂತು. ಹಬ್ಬ ಯಾವ ವಾರಕ್ಕೆ ಬಿದ್ದರೂ ನಮ್ಮದು ಶನಿವಾರಕ್ಕೆ ಎಂಬುದು ಈ ದೇಶದ ಪಂಚಾಂಗ. ನಾರ್ತ್ ಕೆರೊಲೈನಾದಲ್ಲಿ ಒಂದು ಕೆರೆ, ಅಲ್ಲಿ ನೀರಿನ ಮೇಲೆ ಇಳಿಯುವ ಮಾದರಿ ವಿಮಾನಗಳವರು ಸೇರುತ್ತಾರೆ ಅಂತ ನನ್ನ ಗಂಡ ಪತ್ತೆ ಹಚ್ಚಿದ್ದರು. ಅಕ್ಕ, "ನನಗೂ ಅದು ಅರ್ಧ ದಾರಿ, ನಾನೂ ಡ್ರೈವ್ ಮಾಡ್ಕೊಂಡು ಬರ್ತೀನಿ, ಆಯುಧಪೂಜೆ ಅಲ್ಲೇ ಮಾಡಿಬಿಡೋಣ," ಅಂದಳು. ನಾವು ಬಾಡಿಗೆ ವ್ಯಾನಿನಲ್ಲಿ ರೆಕ್ಕೆಗಳನ್ನು ಹಳೆಯ ಕೌದಿಯಲ್ಲಿ ಸುತ್ತಿ ಮಲಗಿಸಿಕೊಂಡು ಹೊರಟೆವು. ನಾನು ಓಡಿಸುತ್ತಿದ್ದೆ. ಅದು ಹಾರುತ್ತದೋ ಒಡೆದು ಚೂರಾಗುತ್ತದೋ ಅಂತ ಮಗಳು ದಾರಿಯುದ್ದಕ್ಕೂ ಉಗುರು ಕಚ್ಚುತ್ತಿದ್ದಳು. ನನಗೆ ಎರಡೂ ಒಂದೇ ಆಗಿತ್ತು. ಸಂಜೆಯ ಹೊತ್ತಿಗೆ ವಾಪಸು ಹೊರಡಬೇಕು, ಸೋಮವಾರ ಮೀಟಿಂಗ್ ಇದೆ ಅಂತ ಯೋಚಿಸುತ್ತಿದ್ದೆ.

ಅಕ್ಕ ನಮಗಿಂತ ಮುಂಚೆ ಬಂದು, ಪೈನ್ ಮರದ ಕೆಳಗೆ ಚಾಪೆ ಹಾಸಿ, ಪುಳಿಯೋಗರೆ ಡಬ್ಬಿ, ತೆಂಗಿನಕಾಯಿ, ಕರ್ಪೂರ, ಊದಿನಕಡ್ಡಿ ಎಲ್ಲ ಜೋಡಿಸಿಕೊಂಡು ಕೂತಿದ್ದಳು. ಸುತ್ತ ಟೋಪಿ ಹಾಕಿದ ಮುದುಕರು ತಮ್ಮ ತಮ್ಮ ವಿಮಾನ ಬಿಟ್ಟು ನಮ್ಮದನ್ನು ನೋಡಲು ಬಂದರು. ಚಿತ್ರದಲ್ಲಿ ಮಾತ್ರ ಕಂಡಿದ್ದೆವು ಅಂತ ಒಬ್ಬರು ಟೋಪಿ ತೆಗೆದರು. ಅಕ್ಕ ಅವರೆಲ್ಲರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟಳು.

ಪೂಜೆಯಾಯಿತು. ದೋಣಿಗಳ ಮೂಗಿಗೆ ಅರಿಶಿನ ಕುಂಕುಮ. ನಿಂಬೆಹಣ್ಣಿನ ಪ್ರಶ್ನೆ ಅಲ್ಲಿ ಮತ್ತೆ ಎದ್ದಿತು. "ನೀರಾಗ ಇಡ್ರಿ ಅಕ್ಕಾರ, ದೋಣಿ ಮುಂದ," ಅಂದರು ನನ್ನ ಗಂಡ. ಅಕ್ಕ ಎರಡು ನಿಂಬೆಹಣ್ಣನ್ನು ಕೆರೆಯ ಅಂಚಿನಲ್ಲಿಟ್ಟಳು. ಅವು ತೇಲಿಕೊಂಡು ಹೊರಟೇ ಹೋದವು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನಿಗೆ ಅದು ಸರಿ ಬರಲಿಲ್ಲ. ಶಾಸ್ತ್ರ ಅಂದ ಮೇಲೆ ಶಾಸ್ತ್ರ. ನನ್ನ ಗಂಡ ಮಡಚುವ ಕುರ್ಚಿಯಲ್ಲಿ ಕೂತು ರಿಮೋಟಿನ ಡಬ್ಬಿ ತೊಡೆಗೇರಿಸಿಕೊಳ್ಳುತ್ತಿದ್ದಾಗ, ಮಗಳು ಶೂ ಬಿಚ್ಚುತ್ತಿದ್ದಾಗ, ನಾನು ಕರ್ಪೂರದ ತಟ್ಟೆ ತೊಳೆಯುತ್ತಿದ್ದಾಗ, ಅವಳು ಅಂಗಡಿಯ ಬಾಗಿಲಿಗೆ ಕಟ್ಟುವ ಹಾಗೆ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕಪ್ಪು ದಾರಕ್ಕೆ ಪೋಣಿಸಿ ದೃಷ್ಟಿಗೆ ಅಂತ ವಿಮಾನಕ್ಕೆ ಕಟ್ಟಿಬಿಟ್ಟಿದ್ದಳು. ಪ್ರೊಪೆಲ್ಲರಿಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಬುದ್ಧಿ ಉಪಯೋಗಿಸಿ ಬಾಲದ ಕೆಳಗೆ ಕಟ್ಟಿದ್ದಳು. ನಾವ್ಯಾರೂ ನೋಡಲಿಲ್ಲ, ಮುದುಕರು ಅದೂ ಪೂಜೆಯದೇ ಅಂದುಕೊಂಡರೇನೋ.

ಟೋಪಿಯ ಮುದುಕರಲ್ಲಿ ಇಬ್ಬರು ವಿಮಾನವನ್ನು ಹಿಡಿದು ನೀರಿಗೆ ಬಿಟ್ಟರು. ಮಗಳು ಬಂದು ಅಪ್ಪನ ಬಲಕ್ಕೆ ಹುಲ್ಲಿನ ಮೇಲೆ ಮಂಡಿಯೂರಿದಳು.

"ಅದೀಯೇನು?"

"ಇದ್ದೀನಿ."

ನಾಲ್ಕು ಇಂಜಿನ್ನುಗಳೂ ಗುಂಯ್ ಅಂದವು. ದೋಣಿಗಳು ನೀರನ್ನು ಎರಡು ಸೀಳು ಮಾಡಿಕೊಂಡು ಓಡಿದವು, ಓಡಿ ಓಡಿ ನೊರೆ ಕಡಿಮೆಯಾಯಿತು, ಆಮೇಲೆ ನೀರೇ ಇಲ್ಲ. ಬೂದುಬಣ್ಣದ ಆ ದೊಡ್ಡ ರೆಕ್ಕೆ, ನಾನು ಇಸ್ತ್ರಿ ಹಾಕಿದ ರೆಕ್ಕೆ, ಪೈನ್ ಮರಗಳಿಗಿಂತ ಮೇಲೆ ಹೋಯಿತು. ಮುದುಕರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೂಗು ಎತ್ತಿತು. ಇನ್ನೂ ಎತ್ತಿತು.

"ಒತ್ತು, ಕಡ್ಡಿ ಮುಂದಕ್ಕ ಒತ್ತು!"

"ಒತ್ತಿದ್ದೀನಿ ಅಪ್ಪಾ! ಫುಲ್ ಒತ್ತಿದ್ದೀನಿ! ಇಟ್ಸ್ ನಾಟ್ ಲಿಸನಿಂಗ್!"

"ಬಾಲಕ್ಕ ಭಾರ ಆಗೇದ. ಹೆಂಗಾತು ಇದು? ಯಾರು ಏನು ಸೇರಿಸಿದ್ರಿ?"

ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಬಾಲದ ಕೆಳಗೆ ಏನೋ ಹಸಿರು ಹಳದಿ ಜೋತಾಡುತ್ತಿತ್ತು. ಅಯ್ಯೋ ನನ್ನ ಕರ್ಮವೇ, ಅಂದುಕೊಂಡು ಅಕ್ಕನ ಮುಖ ನೋಡಿದೆ. ಅವಳು ಕೈಮುಗಿದುಕೊಂಡು ಏನೋ ಜಪ ಮಾಡುತ್ತಿದ್ದಳು. ವಿಮಾನ ಕುಡಿದವನ ಹಾಗೆ ಮೂಗೆತ್ತುವುದು, ತೂಕಡಿಸುವುದು, ಮತ್ತೆ ಮೂಗೆತ್ತುವುದು. ಮಗಳು ಇಡೀ ಮೈಯಿಂದ ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತ, ತನಗೇ ಗೊತ್ತಿಲ್ಲದೆ ಅಪ್ಪನ ಭುಜದ ಮೇಲೆ ಪೂರಾ ಒರಗಿಬಿಟ್ಟಿದ್ದಳು. ನನ್ನ ಗಂಡ ಆಕಾಶದಿಂದ ಕಣ್ಣು ಕೀಳದೆ, ಎಡಗೈಯಲ್ಲಿ ವೇಗ ಇಳಿಸುತ್ತ ಗದರಿದರು:

"ಏ ಹುಡುಗಿ, ಮ್ಯಾಲೆ ಬೀಳಬ್ಯಾಡ! ಭುಜಾ ನೋಯ್ತದ!"

ಮಗಳು "ಸಾರಿ ಸಾರಿ" ಅಂತ ಸರಿದಳು. ಅಕ್ಕ ಜಪ ಮುಂದುವರಿಸಿದಳು. ನನ್ನ ಕೈಯಲ್ಲಿದ್ದ ಕರ್ಪೂರದ ತಟ್ಟೆ ಕೆಳಗೆ ಬಿತ್ತು.

ಆಮೇಲಿನದು ನಾನು ಸರಿಯಾಗಿ ನೋಡಲಿಲ್ಲ. ವಿಮಾನ ಬಾಲವನ್ನು ಮೊದಲು ನೀರಿಗೆ ಬಡಿದು, ಹಾರಿ, ಮತ್ತೆ ಬಿದ್ದು, ಒಂದು ದೋಣಿ ಸೀಳಿತಂತೆ. ಒಂದು ರೆಕ್ಕೆ ಮುಳುಗಿ, ಇನ್ನೊಂದು ಮೇಲೆದ್ದು, ದಡದ ಹತ್ತಿರವೇ ವಾಲಿಕೊಂಡು ನಿಂತಿತು. ಮಗಳು ಪ್ಯಾಂಟು ತೋಯಿಸಿಕೊಂಡು ನೀರಿಗಿಳಿದಳು. ಅಕ್ಕ ಅವಳ ಹಿಂದೆಯೇ ಸೀರೆ ಎತ್ತಿಕೊಂಡು ಓಡಿ, ಬಾಲದಿಂದ ನಿಂಬೆಹಣ್ಣು ಬಿಚ್ಚಿ, ಮೆಣಸಿನಕಾಯಿ ಸಮೇತ ಎತ್ತಿ ತೋರಿಸಿ, "ನೋಡಿದ್ರಾ, ಬಂದ ದೃಷ್ಟಿನೆಲ್ಲ ಇದೇ ತಗೊಳ್ತು! ಇಲ್ದಿದ್ರೆ ಪುಡಿಪುಡಿ ಆಗಿರೋದು!" ಅಂತ ಕೂಗಿದಳು.

ನಾನು ಹುಲ್ಲಿನ ಮೇಲೆ ಕೂತುಬಿಟ್ಟಿದ್ದೆ. ಅಳು ಬಂದಿತ್ತು. ಬಿಕ್ಕುವ ಅಳುವಲ್ಲ, ಊರಲ್ಲಿ ಹೆಂಗಸರು ಸಾವಿನ ಮನೆಯಲ್ಲಿ ಅಳುವ ಹಾಗೆ ಬಾಯಿಬಿಟ್ಟು ಜೋರಾಗಿ. ಟೋಪಿಯ ಮುದುಕರು ಮುಖ ಆ ಕಡೆ ತಿರುಗಿಸಿಕೊಂಡರು. ಇಷ್ಟು ತಿಂಗಳು ಎಲ್ಲಿ ಅಡಗಿತ್ತೋ, ನಿಲ್ಲಿಸಲು ನೋಡಿದರೆ ನಿಲ್ಲಲಿಲ್ಲ. ನಾಚಿಕೆಯಾಯಿತು. ಎದೆ ನೋಯುತ್ತಿತ್ತು, ನಿಜವಾಗಿ ನೋಯುತ್ತಿತ್ತು.

ನನ್ನ ಗಂಡ ಕುರ್ಚಿಯಿಂದಲೇ ನನ್ನ ಕಡೆ ಬಾಗಿದರು. "ಏ, ಇಲ್ಲೆ ನೋಡು. ವಿಮಾನಕ್ಕ ಯಾರರ ಹಿಂಗ ಅಳ್ತಾರೇನು? ಸವತಿ ಅಂತಿದ್ದಿ. ದೋಣಿ ಒಂದು ಒಡದದ, ಅಷ್ಟ. ಮತ್ತ ಮಾಡೋಣು."

"ಭುಜ ನೋಯ್ತಿದೆ ಅಂದ್ರಿ," ಅಂದೆ.

"ಯಾರು?"

"ನೀವು. ಈಗ. ಅವಳು ಒರಗಿದಾಗ. ಬಲಗಡೆ."

ಅವರು ತಮ್ಮ ಬಲಭುಜವನ್ನು ತಿರುಗಿ ನೋಡಿಕೊಂಡರು. ಎಡಗೈಯಿಂದ ಅದನ್ನು ಮುಟ್ಟಿಕೊಳ್ಳಲು ಹೋಗಿ, ಧೈರ್ಯ ಸಾಲದವರ ಹಾಗೆ ಕೈಯನ್ನು ವಾಪಸು ತಂದುಕೊಂಡರು. ಮಗಳು ಒದ್ದೆ ಬಟ್ಟೆಯಲ್ಲಿ, ಮುರಿದ ದೋಣಿಯ ಚೂರು ಹಿಡಿದು, "ಅಪ್ಪಾ, ಐ ಆಮ್ ಸೋ ಸಾರಿ" ಅನ್ನುತ್ತ ಮೇಲಕ್ಕೆ ಬಂದಳು. ಅವರು ಚೂರಿನ ಕಡೆ ನೋಡಲೇ ಇಲ್ಲ.

"ಇಲ್ಲೆ ಬಾ, ನನ್ನವ್ವ. ಆಗ ಕೂತಿದ್ಯಲ್ಲ, ಅಲ್ಲೇ ಕೂಡು."

ಅವಳು ನನ್ನ ಮುಖ ನೋಡಿ, ಏನೂ ಅರ್ಥವಾಗದೆ, ಹೋಗಿ ಮಂಡಿಯೂರಿದಳು.

"ಮ್ಯಾಲೆ ಬೀಳು. ಆಗಿನಂಗ. ಪೂರಾ."

ಅವಳು ಒರಗಿದಳು. ಅವರು ಕಣ್ಣು ಮುಚ್ಚಿಕೊಂಡರು. ಬೆಳಗಿನ ಚಮಚ, ಹೇರ್‌ಪಿನ್ನಿನ ಹೊತ್ತಿನಲ್ಲಿ ಮುಚ್ಚಿಕೊಳ್ಳುತ್ತಿದ್ದರಲ್ಲ, ಹಾಗೆ. ಗೊತ್ತಾಯ್ತಾ ಅಂತ ಕೇಳುವವಳು ನಾನು. ಈ ಸಲ ಕೇಳುವ ಮೊದಲೇ ಉತ್ತರ ಬಂತು.

"ನೋಯ್ತದ," ಅಂದರು.

ಮಗಳು ಗಾಬರಿಯಾಗಿ ಸರಿಯಲು ಹೋದಳು.

"ಇರು," ಅಂದರು. "ಏಳಬ್ಯಾಡ."